ಮಡಿಲು ಆಸನವಲ್ಲ

ದೀಪಾವಳಿಯ ರಜೆ ಸಮೀಪಿಸಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳ ಮಕ್ಕಳಿರುವ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ದೂರದ ಊರುಗಳ ಹೆಸರು ಮೊದಲು ಬಂದರೂ ಕೊನೆಗೆ ನಿಶ್ಚಯವಾಗುವುದು ಬಹುಮಟ್ಟಿಗೆ ವಿಜಯಪುರ ಮತ್ತು ಬಾದಾಮಿಯೇ. ಅದಕ್ಕೆ ಕಾರಣವೂ ಉಂಟು. ಸೊಲ್ಲಾಪುರದಿಂದ ವಿಜಯಪುರ ಸುಮಾರು 100 ಕಿ.ಮೀ.; ನಾಲ್ಕು ಪಥದ ಹೆದ್ದಾರಿ. ಪಾಠಪುಸ್ತಕದಲ್ಲಿ ಚಿತ್ರವಾಗಿ ಕಂಡ ಗೋಳಗುಮ್ಮಟವನ್ನು ಮಗು ಅದೇ ದಿನ ಮಧ್ಯಾಹ್ನದೊಳಗೆ ಕಣ್ಣಾರೆ ಕಾಣಬಲ್ಲದು. ಟಾಕಳಿಯ ಬಳಿ ಭೀಮೆಯನ್ನು ದಾಟಿ ಧೂಳಖೇಡ ಸೇರಿದ ಕೂಡಲೇ ಅಂಗಡಿಗಳ ಫಲಕಗಳು ಕನ್ನಡಕ್ಕೆ ತಿರುಗುತ್ತವೆ. ಅದುವರೆಗೆ ಶಾಲೆಯ ಗೋಡೆಗಳೊಳಗೆ ಮಾತ್ರ ಕಾಣುತ್ತಿದ್ದ ಅಕ್ಷರಗಳು ಬಸ್ಸಿನ ಹಣೆಯ ಮೇಲೆ, ಖಾನಾವಳಿಯ ದರಪಟ್ಟಿಯ ಮೇಲೆ ನಿಂತಿರುತ್ತವೆ. ಮರಾಠಿಯಲ್ಲಿ ಕಲಿತ ತಂದೆಗೆ ಮೂರನೆಯ ಇಯತ್ತೆಯ ಮಗಳು ಫಲಕ ಓದಿ ಹೇಳುವ ಪ್ರಸಂಗ ಈ ಹಾದಿಯಲ್ಲಿ ಅಪರೂಪವಲ್ಲ. ಗಡಿಯಾಚೆಯ ಕನ್ನಡ ಮಗುವಿಗೆ ಈ ಪ್ರವಾಸ ಬರಿಯ ಮೋಜಿನದಲ್ಲ.

ಆದರೆ ಈ ಪ್ರವಾಸವನ್ನು ಹೊಂದಿಸುವ ರೀತಿಯೊಂದು ರೂಢಿಯಲ್ಲಿದೆ. ಎರಡು ಮನೆಯವರು ಕೂಡಿ ಒಂದು ಗಾಡಿ ಮಾಡುತ್ತಾರೆ. ಏಳು ಆಸನದ ಗಾಡಿ. ಹೊರಡುವವರು ಹನ್ನೊಂದು ಮಂದಿ. ‘ನಾಲ್ವರು ಸಣ್ಣವರಲ್ಲವೇ, ತೊಡೆಯ ಮೇಲೆ ಕೂಡ್ರುತ್ತಾರೆ’ ಎಂಬ ಮಾತಿನಲ್ಲಿ ಲೆಕ್ಕ ಮುಗಿಯುತ್ತದೆ. ಏಳು ಆಸನವೆಂಬ ಸಂಖ್ಯೆಯಲ್ಲಿ ಚಾಲಕನೂ ಸೇರಿದ್ದಾನೆಂಬುದು ಹಲವರಿಗೆ ಹೊಳೆಯುವುದೇ ಇಲ್ಲ. ಪ್ರಯಾಣಿಕರಿಗೆ ಉಳಿಯುವುದು ಆರು ಮಾತ್ರ.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194-ಬಿ ಕಲಮಿನ ಪ್ರಕಾರ, ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ, ಮಕ್ಕಳಿಗೆಂದೇ ಮಾಡಿದ ಸುರಕ್ಷಾ ಆಸನದಿಂದಾಗಲಿ ಭದ್ರಪಡಿಸದೆ ವಾಹನ ನಡೆಸಿದವನಿಗೂ ನಡೆಸಗೊಟ್ಟವನಿಗೂ 1,000 ರೂಪಾಯಿ ದಂಡ. ಈ ಕಲಮು ಹಿಂದಿನ ಆಸನ, ಮುಂದಿನ ಆಸನ ಎಂಬ ಭೇದ ಮಾಡಿಲ್ಲ. ಅವ್ವನ ಮಡಿಲು, ಅಜ್ಜನ ತೊಡೆ ಅದರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಬಾಡಿಗೆ ವಾಹನವಾದರೆ 194-ಎ ಕಲಮು ಬೇರೆ ಇದೆ. ನೋಂದಣಿ ಪತ್ರ ಅಥವಾ ಪರವಾನಗಿಯಲ್ಲಿ ಬರೆದುದಕ್ಕಿಂತ ಹೆಚ್ಚಿಗೆ ಕೂರಿಸಿಕೊಂಡ ತಲೆಯೊಂದಕ್ಕೆ 200 ರೂಪಾಯಿ. ದಂಡ ತೆತ್ತು ಮುಂದೆ ಸಾಗುವಂತೆಯೂ ಇಲ್ಲ. ಹೆಚ್ಚಿನವರನ್ನು ಇಳಿಸಿ, ಅವರಿಗೆ ಬೇರೆ ವಾಹನದ ಏರ್ಪಾಡಾಗುವ ತನಕ ಗಾಡಿಯನ್ನು ಕದಲಗೊಡಬಾರದೆಂದು ಅದೇ ಕಲಮು ಹೇಳುತ್ತದೆ. ಝಳಕಿಯ ಬಳಿಯೋ ಹೊರ್ತಿಯ ಬಳಿಯೋ ಮಧ್ಯಾಹ್ನದ ಬಿಸಿಲಿನಲ್ಲಿ ಮಕ್ಕಳೊಡನೆ ರಸ್ತೆಯಂಚಿನಲ್ಲಿ ನಿಲ್ಲುವ ಪರಿಸ್ಥಿತಿ ಯಾವ ಪಾಲಕರಿಗೂ ಬೇಡವಾದದ್ದು.

ದಂಡದ ಮಾತು ಇರಲಿ. ಸಾವಿರ ರೂಪಾಯಿ ದೊಡ್ಡದಲ್ಲ. ಮಡಿಲು ಏಕೆ ಆಸನವಾಗಲಾರದೆಂಬುದನ್ನು ಗೋಳಗುಮ್ಮಟದಲ್ಲಿಯೇ ಅಳೆದು ನೋಡಬಹುದು. ಅಲ್ಲಿನ ಪಿಸುಮಾತಿನ ಮೊಗಸಾಲೆ ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಿಂತ ತಾಯಿ ಮಗುವಿನ ಮಣಿಕಟ್ಟನ್ನು ಹೇಗೆ ಬಿಗಿಹಿಡಿದಿರುತ್ತಾಳೆಂಬುದನ್ನು ಕಂಡವರೇ ಬಲ್ಲರು. ಇನ್ನು ಲೆಕ್ಕ: ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವ ಗಾಡಿ ಏನನ್ನಾದರೂ ಗುದ್ದಿ ಥಟ್ಟನೆ ನಿಂತರೆ, ಒಳಗೆ ಕಟ್ಟದೆ ಕುಳಿತ ದೇಹ ಸುಮಾರು 14 ಮೀಟರ್ ಎತ್ತರದಿಂದ ಬಿದ್ದ ದೇಹದಷ್ಟೇ ವೇಗದಲ್ಲಿ ಮುಂದಕ್ಕೆ ಹೋಗಿ ಬಡಿಯುತ್ತದೆ. ವೇಗ 90 ಆದರೆ ಆ ಎತ್ತರ ಸುಮಾರು 32 ಮೀಟರ್. ಹೆಚ್ಚುಕಡಿಮೆ ಪಿಸುಮಾತಿನ ಮೊಗಸಾಲೆಯಷ್ಟೇ. ಮೇಲೆ ಮಣಿಕಟ್ಟು ಬಿಡದ ಕೈಗಳೇ ಹೆದ್ದಾರಿಯಲ್ಲಿ ಮಗುವನ್ನು ಎರಡು ಮುಂದಿನ ಆಸನಗಳ ನಡುವೆ ನಿಲ್ಲಿಸಿ ‘ಮುಂದೆ ನೋಡು, ಲಾರಿ ಬಂತು’ ಎಂದು ಆಡಿಸುತ್ತಿರುತ್ತವೆ. ಅಪ್ಪಿ ಹಿಡಿದಿದ್ದೇನೆಂಬ ನಂಬಿಕೆಯೂ ಹುಸಿ. ಆ ಕ್ಷಣದಲ್ಲಿ ಹತ್ತು ಕಿಲೋ ತೂಕದ ಮಗು ಕೈಗೆ ಹತ್ತು ಕಿಲೋ ಆಗಿ ಉಳಿಯುವುದಿಲ್ಲ. ಎಷ್ಟೋ ಪಟ್ಟು ಭಾರವಾಗಿ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಹಿಡಿದ ದೊಡ್ಡವರೂ ಬೆಲ್ಟ್ ಕಟ್ಟಿರದಿದ್ದರೆ ಅವರ ದೇಹವೇ ಮಗುವಿನ ಮೇಲೆ ಬಂದು ಬೀಳುತ್ತದೆ.

ಸುರಕ್ಷಾ ಆಸನ ಕೊಳ್ಳಲು ಎಲ್ಲರಿಗೂ ಅನುಕೂಲವಿರಲಿಕ್ಕಿಲ್ಲ. ಸ್ವಂತ ಕಾರಿದ್ದು, ನಾಲ್ಕು ವರ್ಷದೊಳಗಿನ ಮಗುವಿದ್ದರೆ ಅದು ಆಡಂಬರದ ವಸ್ತುವಲ್ಲವೆಂದು ತಿಳಿಯುವುದು ಸಮಂಜಸ. ಅದಿಲ್ಲದವರು ಮಾಡಬಹುದಾದ ಕನಿಷ್ಠ ಕೆಲಸವಿಷ್ಟು: ಮಕ್ಕಳೆಲ್ಲ ಹಿಂದಿನ ಆಸನದಲ್ಲಿ, ಒಬ್ಬರಿಗೆ ಒಂದು ಬೆಲ್ಟ್. ಒಂದೇ ಬೆಲ್ಟಿನಲ್ಲಿ ಅಕ್ಕತಮ್ಮಂದಿರಿಬ್ಬರನ್ನು ಬಿಗಿಯಬಾರದು. ಬೆಲ್ಟು ಕುತ್ತಿಗೆಯ ಮೇಲೆ ಬರಬಾರದು. ಭುಜದ ಮೇಲೆ ಹಾದುಹೋಗಬೇಕು. ಏರ್ ಬ್ಯಾಗ್ ಇರುವ ಮುಂದಿನ ಆಸನದಲ್ಲಿ ಕೂಸನ್ನು ಎತ್ತಿಕೊಂಡು ಕೂಡುವುದಂತೂ ಸರ್ವಥಾ ಸಲ್ಲದು. ಮೋಟಾರ್ ಸೈಕಲ್ ಮೇಲೆ ವಿಜಯಪುರಕ್ಕೆ ಹೊರಡುವ ಕುಟುಂಬಗಳೂ ಇವೆ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗು ಹಿಂಬದಿಯಲ್ಲಿದ್ದರೆ ಅದಕ್ಕೆ ಸುರಕ್ಷಾ ಪಟ್ಟಿ, ಅಳತೆಗೆ ತಕ್ಕ ಶಿರಸ್ತ್ರಾಣ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರಿಂದ ಜಾರಿಯಲ್ಲಿದೆ. ಆ ವೇಗದಲ್ಲಿ ಹೆದ್ದಾರಿಯ ಮೇಲೆ ನೂರು ಕಿಲೋಮೀಟರು ಸಾಗುವುದು ಎಂಥ ಪ್ರಯಾಣವೆಂಬುದನ್ನು ಹೊರಡುವವರೇ ಯೋಚಿಸಬೇಕು.

ಗಾಡಿಯ ಆಯ್ಕೆಯಲ್ಲಿ ಇನ್ನೂ ಒಂದು ಸಂಗತಿ ಅಡಗಿದೆ. ಓಣಿಯಲ್ಲಿ ಪರಿಚಯದವರೊಬ್ಬರ ಕಾರು ಕಡಿಮೆ ಬಾಡಿಗೆಗೆ ಸಿಗುತ್ತದೆ. ಟ್ಯಾಕ್ಸಿಗಿಂತ ಎರಡು ಮೂರು ಸಾವಿರ ಉಳಿತಾಯ. ಅದರ ಸಂಖ್ಯಾಫಲಕ ಬಿಳಿಯದು, ಅಕ್ಷರ ಕಪ್ಪು. ಅಂದರೆ ಅದು ಖಾಸಗಿ ವಾಹನ. ಬಾಡಿಗೆಗೆ ಓಡಿಸಲು ಅದಕ್ಕೆ ಪರವಾನಗಿಯಿಲ್ಲ. ಬಾಡಿಗೆ ವಾಹನದ ಫಲಕ ಹಳದಿ, ಅಕ್ಷರ ಕಪ್ಪು. ಸ್ವತಃ ನಡೆಸಿಕೊಂಡು ಹೋಗಲು ಬಾಡಿಗೆಗೆ ಕೊಡುವ ಕಾರುಗಳದು ಕಪ್ಪು ಫಲಕ, ಹಳದಿ ಅಕ್ಷರ. ಈ ಬಣ್ಣಗಳ ವ್ಯತ್ಯಾಸ ದಾರಿಯಲ್ಲಿ ಏನೂ ಆಗದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಪಘಾತವಾದ ದಿನ ಮಾತ್ರ ಅದೇ ಮುಖ್ಯ ಪ್ರಶ್ನೆಯಾಗುತ್ತದೆ. ಪರವಾನಗಿಯಿಲ್ಲದ ವಾಹನವನ್ನು ಬಾಡಿಗೆಗೆ ಬಳಸಲಾಗಿತ್ತೆಂಬುದು ವಿಮಾ ಕಂಪನಿ ತನ್ನ ಹೊಣೆಯನ್ನು ನಿರಾಕರಿಸಲು ಕಾಯ್ದೆಯ 150ನೆಯ ಕಲಮೇ ಒದಗಿಸಿರುವ ಆಧಾರಗಳಲ್ಲಿ ಒಂದು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಪಾಲಕರು ಪೊಲೀಸರೆದುರು ಸರಳವಾಗಿ ‘ಇಷ್ಟು ರೂಪಾಯಿಗೆ ಮಾತಾಡಿದ್ದೆವು’ ಎಂದು ನಿಜವನ್ನೇ ಹೇಳುತ್ತಾರೆ. ಮುಂದೆ ನ್ಯಾಯಾಧಿಕರಣದಲ್ಲಿ ಆ ಒಂದು ವಾಕ್ಯವೇ ಅವರಿಗೆ ಎದುರಾಗಿ ನಿಲ್ಲಬಹುದು. ಕಂಪನಿ ಮೊದಲು ಹಣ ಕೊಟ್ಟು ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶವಾದ ಉದಾಹರಣೆಗಳಿವೆ. ಆದರೆ ಅಂಥ ಆದೇಶ ದೊರೆಯುವುದೆಂಬ ಭರವಸೆಯಿಂದ ಮಕ್ಕಳನ್ನು ಗಾಡಿ ಹತ್ತಿಸುವುದು ವಿವೇಕವಲ್ಲ.

ಬಾಡಿಗೆಯ ಮಾತೇ ಇಲ್ಲದೆ ಕಾಕಾನ ಕಾರಿನಲ್ಲಿಯೇ ಹೋದರೂ ವಿಮೆಯ ಕಾಗದವನ್ನೊಮ್ಮೆ ತೆರೆದು ನೋಡುವುದು ಒಳಿತು. ಕಾಯ್ದೆ ಕಡ್ಡಾಯಗೊಳಿಸಿದ ಕನಿಷ್ಠ ವಿಮೆ ದಾರಿಹೋಕರಿಗೆ, ಎದುರಿನ ವಾಹನದವರಿಗೆ ಅನ್ವಯಿಸುತ್ತದೆ. ಅದೇ ಖಾಸಗಿ ಕಾರಿನ ಒಳಗೆ ಕುಳಿತವರಿಗೆ ಅದರಿಂದ ಪರಿಹಾರ ದೊರಕುವುದಿಲ್ಲ. ಸಮಗ್ರ ವಿಮೆ, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದರೆ ಒಳಗಿನವರಿಗೂ ರಕ್ಷಣೆಯುಂಟು. ಈ ಎರಡರ ಭೇದವನ್ನು ಸರ್ವೋಚ್ಚ ನ್ಯಾಯಾಲಯವೂ 2012ರ ತೀರ್ಪೊಂದರಲ್ಲಿ ವಿವರಿಸಿದೆ. ಹಳೆಯ ಕಾರುಗಳ ಮಾಲೀಕರು ಹಣ ಉಳಿಸಲು ಕನಿಷ್ಠ ವಿಮೆಯನ್ನಷ್ಟೇ ಇಟ್ಟುಕೊಂಡಿರುವುದು ಸಾಮಾನ್ಯ. ವಾಹನದ ಸಂಖ್ಯೆಯನ್ನು ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಅದು ಖಾಸಗಿಯೋ ಬಾಡಿಗೆಯದೋ, ವಿಮೆ ಎಂದಿನ ತನಕ ಇದೆ ಎಂಬುದು ಗೊತ್ತಾಗುತ್ತದೆ. ವಿಮೆಯ ಬಗೆ ಯಾವುದೆಂಬುದಕ್ಕೆ ಮಾತ್ರ ಪಾಲಿಸಿಯ ಕಾಗದವನ್ನೇ ನೋಡಬೇಕು. ಹಳದಿ ಫಲಕದ ಗಾಡಿಯಾದರೂ ಅದು ಮಹಾರಾಷ್ಟ್ರದ ಗಡಿ ದಾಟುವುದರಿಂದ ಅಖಿಲ ಭಾರತ ಪ್ರವಾಸಿ ಪರವಾನಗಿಯಾಗಲಿ, ಆ ಪ್ರಯಾಣಕ್ಕೆಂದೇ ಪಡೆದ ವಿಶೇಷ ಪರವಾನಗಿಯಾಗಲಿ ಇರಬೇಕು. ಮುಂಗಡ ಕೊಡುವ ಮುನ್ನ ಇದನ್ನು ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಹಾಗೆಯೇ, ಊರ ಹೊರಗಿನ ಖಾಲಿ ರಸ್ತೆಯಲ್ಲಿ ಸ್ವಲ್ಪ ಹೊತ್ತು ಹದಿನೇಳರ ಅಣ್ಣನ ಕೈಗೆ ಚಕ್ರ ಕೊಡುವ ಉತ್ಸಾಹವನ್ನು ತಡೆಯಬೇಕು. ಅಪ್ರಾಪ್ತರು ವಾಹನ ನಡೆಸಿ ಅಪರಾಧವೆಸಗಿದರೆ 199-ಎ ಕಲಮಿನಡಿ ಪಾಲಕರಿಗೆ, ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಕಾರಾವಾಸ, 25,000 ರೂಪಾಯಿ ದಂಡ.

ಅನಾಹುತ ನಡೆದೇ ಹೋದರೆ ಕರ್ನಾಟಕದ ನ್ಯಾಯಾಲಯಗಳಿಗೆ ಅಲೆಯಬೇಕಾದೀತೆಂಬ ಅಂಜಿಕೆ ಗಡಿನಾಡಿನವರಲ್ಲಿದೆ. ಅದಕ್ಕೆ ಕಾರಣವಿಲ್ಲ. ಅಪಘಾತ ಬಾಗಲಕೋಟೆಯಲ್ಲಿ ಸಂಭವಿಸಿದ್ದರೂ ಪರಿಹಾರದ ಅರ್ಜಿಯನ್ನು ಅರ್ಜಿದಾರರು ವಾಸಿಸುವ ಸೊಲ್ಲಾಪುರದಲ್ಲಿಯೇ ಸಲ್ಲಿಸಲು 166ನೆಯ ಕಲಮು ಅವಕಾಶ ಕೊಟ್ಟಿದೆ. 2019ರ ತಿದ್ದುಪಡಿ ಮಾತ್ರ ಆರು ತಿಂಗಳ ಗಡುವನ್ನು ಸೇರಿಸಿದೆ. ದುಃಖದಲ್ಲಿರುವ ಮನೆಯವರಿಗೆ ಆರು ತಿಂಗಳು ತಿಳಿಯದೆಯೇ ಕಳೆದುಹೋಗುತ್ತವೆ. ಇನ್ನು ದಾರಿಯಲ್ಲಿ ಅನ್ಯರ ಅಪಘಾತ ಕಂಡರೆ ಗಾಯಾಳುವಿಗೆ ನೆರವಾಗಲು ಹೆದರಬೇಕಿಲ್ಲ. ಸದುದ್ದೇಶದಿಂದ ನೆರವಾದವರಿಗೆ 134-ಎ ಕಲಮಿನ ರಕ್ಷಣೆಯಿದೆ. 112 ಹಾಗೂ 108 ಎಂಬ ಎರಡು ಸಂಖ್ಯೆಗಳು ಎರಡೂ ರಾಜ್ಯಗಳಲ್ಲಿ ಒಂದೇ.

ಯೋಗ್ಯವಾದ ಗಾಡಿ ಕೈಗೆಟುಕದಿದ್ದರೆ ಪ್ರವಾಸ ಬಿಡಬೇಕಾಗಿಲ್ಲ. ಸೊಲ್ಲಾಪುರದಿಂದ ಗದಗಿನ ಕಡೆಗೆ ಹೋಗುವ ರೈಲುಮಾರ್ಗ ವಿಜಯಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿಗಳನ್ನು ಹಾದೇ ಹೋಗುತ್ತದೆ. ಚಿಕ್ಕ ಮಕ್ಕಳಿಗೆ ರೈಲಿನಷ್ಟು ಹಿತವಾದ ವಾಹನ ಬೇರಿಲ್ಲ. ಓಡಾಡಲು ಜಾಗವಿದೆ, ವಾಂತಿಯ ಕಾಟ ಕಡಿಮೆ. ಇಳಿದ ಊರಿನಲ್ಲಿ ಅರ್ಧ ದಿನಕ್ಕೆ ಗಾಡಿ ಮಾಡಿಕೊಂಡರಾಯಿತು. ಬಸ್ಸುಗಳೂ ಎರಡೂ ರಾಜ್ಯದವು ಓಡುತ್ತವೆ. ಕರ್ನಾಟಕದ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲವೆಂದು ನಂಬಿ ಹೊರಡುವವರು ಒಂದು ಮಾತು ನೆನಪಿಡಬೇಕು: 2023ರ ಶಕ್ತಿ ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ನಿರ್ವಾಹಕ ನೋಡುವುದು ಗುರುತಿನ ಚೀಟಿಯ ಮೇಲಿನ ವಿಳಾಸವನ್ನು, ಆಡುವ ಭಾಷೆಯನ್ನಲ್ಲ. ಮಹಾರಾಷ್ಟ್ರ ಸಾರಿಗೆಯಲ್ಲಿ ಮಹಿಳೆಯರಿಗಿರುವ ಅರ್ಧ ದರವೂ ಗಡಿಯವರೆಗೆ ಮಾತ್ರ. ಗಡಿನಾಡಿನ ಕನ್ನಡತಿಗೆ ಎರಡೂ ಕಡೆ ಕೊಂಚ ಕೊಂಚ ಕಡಿಮೆಯೇ ದಕ್ಕುತ್ತದೆ.

ಆಸನಗಳ ಲೆಕ್ಕ ಸರಿಹೋದ ಮೇಲೆ ಸ್ಥಳಗಳ ಲೆಕ್ಕ. ಎರಡು ದಿನಗಳಲ್ಲಿ ವಿಜಯಪುರ, ಆಲಮಟ್ಟಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ, ಬನಶಂಕರಿ, ಮಹಾಕೂಟ ಎಲ್ಲವನ್ನೂ ಮುಗಿಸುವ ಪಟ್ಟಿಗಳು ಕೈಯಿಂದ ಕೈಗೆ ಹರಿದಾಡುತ್ತವೆ. ಅಂಥ ಪ್ರವಾಸದಲ್ಲಿ ಆರು ವರ್ಷದ ಮಗು ನೋಡಿದ್ದು ಗಾಡಿಯ ಹಿಂಬದಿಯನ್ನು ಮಾತ್ರ. ಚಿಕ್ಕ ಮಕ್ಕಳಿದ್ದರೆ ಮೂರು ಹಗಲು, ಎರಡು ರಾತ್ರಿ. ದಿನಕ್ಕೆ ಒಂದು ದೊಡ್ಡ ಸ್ಥಳ, ಒಂದು ಸಣ್ಣ ಸ್ಥಳ. ಇದಕ್ಕಿಂತ ಹೆಚ್ಚಿನದು ದೊಡ್ಡವರ ಹಟ.

ಮೊದಲ ದಿನ ವಿಜಯಪುರ. ಗೋಳಗುಮ್ಮಟಕ್ಕೆ ಹೋದ ದಿನವೇ ನುಗ್ಗುವುದಕ್ಕಿಂತ, ಊರು ಸೇರಿ ಉಂಡು ವಿಶ್ರಮಿಸಿ ಸಂಜೆ ಇಬ್ರಾಹಿಂ ರೋಜಾಕ್ಕೆ ಹೋಗುವುದು ಲೇಸು. ಅಲ್ಲಿ ಮಕ್ಕಳು ಓಡಲು ಹುಲ್ಲಿನ ಅಂಗಳವಿದೆ. ಹಾದಿಯಲ್ಲೇ ಮಲಿಕ್-ಎ-ಮೈದಾನ್ ತೋಪು; 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಅದರ ಬಾಯಿಯಲ್ಲಿ ಮೃಗವೊಂದು ಆನೆಯನ್ನು ನುಂಗುತ್ತಿರುವುದನ್ನು ಹುಡುಗರು ತಾವಾಗಿಯೇ ಕಂಡುಹಿಡಿಯಲಿ. ಗೋಳಗುಮ್ಮಟವನ್ನು ಮರುದಿನ ಬೆಳಗಿನ ಜಾವಕ್ಕೆ ಉಳಿಸಿಕೊಳ್ಳಬೇಕು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟಕ್ಕೆ ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸ. ಮೇಲೇರುವುದು ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳಿಂದ. ಹತ್ತು ಗಂಟೆಯ ಬಳಿಕ ಶಾಲಾ ಪ್ರವಾಸದ ಬಸ್ಸುಗಳು ಬಂದರೆ ಮೊಗಸಾಲೆಯಲ್ಲಿ ಕೂಗಾಟವಷ್ಟೇ ಉಳಿಯುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋದವರಿಗೆ ಮಾತ್ರ ಎದುರು ಗೋಡೆಯ ಬಳಿ ನಿಂತ ಅಪ್ಪನ ಪಿಸುಮಾತು ಈಚೆಯ ಗೋಡೆಯಲ್ಲಿ ಕೇಳುವ ವಿಸ್ಮಯ ಸಿಗುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಅದರ ವಸ್ತುಸಂಗ್ರಹಾಲಯಗಳು ಶುಕ್ರವಾರ ತೆರೆಯುವುದಿಲ್ಲ.

ಅಲ್ಲಿಂದ ಬಾದಾಮಿಗೆ ಎರಡು ದಾರಿ. ಕೋಲ್ಹಾರದಲ್ಲಿ ಕೃಷ್ಣೆಯನ್ನು ದಾಟಿ ಬಾಗಲಕೋಟೆಯ ಮೇಲೆ ಹೋಗುವುದು ಹತ್ತಿರ. ನಿಡಗುಂದಿ, ಆಲಮಟ್ಟಿಯ ಮೂಲಕ ಹೋದರೆ ಸುತ್ತಾದರೂ ಮಕ್ಕಳಿಗೆ ಅಣೆಕಟ್ಟಿನ ನೀರು, ಉದ್ಯಾನ ಕಾಣುತ್ತದೆ. ಮುಂದೆ ಕೃಷ್ಣೆಯನ್ನು ಮಲಪ್ರಭೆ ಕೂಡುವ ಕೂಡಲಸಂಗಮವೂ ಸಿಗುತ್ತದೆ. ಈ ದಾರಿಯಲ್ಲಿ ಹೋಗುವವರು ಐಹೊಳೆಯನ್ನು ಬಿಡುವುದೇ ಮೇಲೆಂದರೆ ಇತಿಹಾಸದ ಗುರುಗಳು ಸಿಟ್ಟಾಗಬಹುದು. ರವಿಕೀರ್ತಿಯ 634ರ ಶಾಸನ ಅಲ್ಲಿನ ಮೇಗುತಿಯಲ್ಲಿದೆ ಎಂಬುದು ನಿಜ. ಆದರೆ ಐಹೊಳೆಯ ಗುಡಿಗಳು ಊರೆಲ್ಲ ಚದುರಿವೆ, ಮೇಗುತಿ ಗುಡ್ಡದ ಮೇಲಿದೆ; ಎಂಟು ವರ್ಷದೊಳಗಿನ ಕಾಲುಗಳು ಸೋಲುತ್ತವೆ. ಪಟ್ಟದಕಲ್ಲಿನಲ್ಲಾದರೆ ಮುಖ್ಯ ಗುಡಿಗಳೆಲ್ಲ ಒಂದೇ ಆವರಣದೊಳಗೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವೊಂದನ್ನೇ ಸಾವಕಾಶವಾಗಿ ನೋಡಿದರೂ ಸಾಕು. ಐಹೊಳೆ ಇನ್ನೆರಡು ವರ್ಷ ಕಾಯುತ್ತದೆ.

ಬಾದಾಮಿಯಲ್ಲಿ ಎರಡನೆಯ ರಾತ್ರಿ ತಂಗಿ, ಮೂರನೆಯ ದಿನ ಬಿಸಿಲೇರುವ ಮುನ್ನ ಗುಹೆಗಳ ಮೆಟ್ಟಿಲು ಹತ್ತಬೇಕು. ಮಂಗಗಳ ಉಪದ್ರವ ಅಲ್ಲಿ ಹೇಳತೀರದು. ಮಗುವಿನ ಕೈಯಲ್ಲಿ ಬಾಳೆಹಣ್ಣಾಗಲಿ ಬಿಸ್ಕಿಟಿನ ಪುಡಿಕೆಯಾಗಲಿ ಇದ್ದರೆ ಅದು ಕಸಿಯಿತೆಂದೇ ತಿಳಿಯಬೇಕು. ಕಸಿಯುವಾಗ ಪರಚುವುದೂ ಉಂಟು. ತಿನಿಸನ್ನು ಗಾಡಿಯಲ್ಲೇ ಬಿಟ್ಟು, ನೀರಿನ ಬಾಟಲಿಯನ್ನು ಚೀಲದೊಳಗಿಟ್ಟು ಹೋಗಬೇಕು. ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಅಗಸ್ತ್ಯತೀರ್ಥದ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯ ಬಲು ಹಳೆಯ ಮಾದರಿ ಕನ್ನಡಕ್ಕೆ ದೊರೆತದ್ದು ಅದರಲ್ಲಿ. ಆ ಲಿಪಿಯನ್ನು ಇಂದಿನ ಮಗು ಓದಲಾರದು, ಅದರ ಗುರುಗಳಿಗೂ ಕಷ್ಟವೇ. ಆದರೂ ‘ಇದು ನಿನ್ನ ಶಾಲೆಯ ಭಾಷೆಯೇ, ಸಾವಿರದ ಮುನ್ನೂರು ವರ್ಷದ ಹಿಂದಿನದು’ ಎಂದು ತಾಯಿ ಹೇಳಿದರೆ, ನೆರೆಯ ಶಾಲೆಗೆ ಸೇರಿಸಿ ಎಂದು ಬಂಧುಗಳು ಹೇಳುವುದನ್ನೇ ಕೇಳುತ್ತ ಬೆಳೆದ ಆ ಮಗು ಬಂಡೆಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತದೆ.

ಮಧ್ಯಾಹ್ನ ಹನ್ನೆರಡರೊಳಗೆ ಬಾದಾಮಿ ಬಿಡಬೇಕು. ಸೊಲ್ಲಾಪುರಕ್ಕೆ ಇನ್ನೂರು ಕಿಲೋಮೀಟರಿಗೂ ಮಿಗಿಲು. ಒಂದೂವರೆ ತಾಸಿಗೊಮ್ಮೆ ಮಕ್ಕಳನ್ನು ಇಳಿಸುತ್ತ ಬಂದರೂ ಕತ್ತಲಾಗುವಷ್ಟರಲ್ಲಿ ಊರು ಕಾಣುತ್ತದೆ. ದೀಪಾವಳಿಯಿಂದಾಚೆ ಬಾಗಲಕೋಟೆ, ವಿಜಯಪುರ, ಸೊಲ್ಲಾಪುರ ಮೂರೂ ಜಿಲ್ಲೆಗಳಲ್ಲಿ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರುಗಳ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ, ಕಬ್ಬು ಅಗಲಕ್ಕೂ ಚಾಚಿಕೊಂಡಿರುತ್ತದೆ. ರಾತ್ರಿ ಎದುರಿನ ದೀಪದ ಬೆಳಕು ಕಣ್ಣಿಗೆ ಬಡಿದಾಗ ಅವು ಕಾಣುವುದು ಹತ್ತಿಪ್ಪತ್ತು ಮಾರು ದೂರಕ್ಕೆ ಬಂದ ಮೇಲೆಯೇ. ಉಳಿದೆಲ್ಲ ಎಚ್ಚರಿಕೆಗಿಂತ ಕತ್ತಲಾದ ಬಳಿಕ ಈ ರಸ್ತೆಗಳಲ್ಲಿ ಮಕ್ಕಳೊಡನೆ ಓಡಾಡದಿರುವುದೇ ದೊಡ್ಡ ಎಚ್ಚರಿಕೆ.

ಕೊನೆಗೆ ಚಾಲಕನ ವಿಷಯ. ಬಾಡಿಗೆ ವಾಹನದ ಚಾಲಕನ ದುಡಿಮೆಗೆ, 2025ರ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಮಿತಿ ಹಾಕಿತ್ತು: ದಿನಕ್ಕೆ ಎಂಟು ತಾಸು, ಐದು ತಾಸಿನ ದುಡಿಮೆಗೆ ಮುನ್ನ ಕನಿಷ್ಠ ಅರ್ಧ ತಾಸಿನ ಬಿಡುವು. ಪ್ರವಾಸಿಗರು ಅವನನ್ನು ಬೆಳಗಿನ ನಾಲ್ಕಕ್ಕೆ ಎಬ್ಬಿಸುತ್ತಾರೆ, ರಾತ್ರಿ ಹನ್ನೊಂದಕ್ಕೆ ಬಿಡುತ್ತಾರೆ. ಅವನು ಸೊಳ್ಳೆಗಳ ನಡುವೆ ಗಾಡಿಯಲ್ಲೇ ಮುದುಡಿ ಮಲಗುತ್ತಾನೆ. ಮರುದಿನ ಊಟದ ಮೇಲೆ ಅವನ ಕಣ್ಣು ಮುಚ್ಚಿದರೆ ತಪ್ಪು ಅವನೊಬ್ಬನದಲ್ಲ. ವಿಜಯಪುರದಲ್ಲಿ, ಬಾದಾಮಿಯಲ್ಲಿ ವಸತಿಗೃಹಕ್ಕೆ ಫೋನು ಮಾಡಿ ಕೋಣೆ ಕೇಳುವಾಗ ಚಾಲಕನಿಗೂ ಮಲಗಲು ಏರ್ಪಾಡುಂಟೇ ಎಂದು ಕೇಳಬೇಕು. ಇಲ್ಲವೆಂದರೆ ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಇನ್ನೊಂದು ಹಾಸಿಗೆ ಗೊತ್ತುಮಾಡಬೇಕು.